ಎಳೆದು ನೋಡದ ಐದು ಕೊಂಡಿ

ಕಾಕಿನಾಡ
10 ನವೆಂಬರ್ 2025

ಮಾಲತೇಶ,

ಏಳು ಸಲ ಫೋನ್ ಮಾಡಿದೆ. ಮೊದಲ ಸಲ ಬಿಟ್ಟರೆ ನೀನು ಎತ್ತಲಿಲ್ಲ. ಆಗ ನಾನು ಕೂಗಾಡಿದ್ದು ನಿಜ. ಅದಕ್ಕೇ ಎತ್ತುತ್ತಿಲ್ಲವಾದರೆ ಈ ಕಾಗದವನ್ನಾದರೂ ಓದು. ಅಕ್ಕನಾಗಿ ಬರೆಯುತ್ತಿಲ್ಲ. ನಿನ್ನ ಮಾಲು ತೆಗೆದುಕೊಂಡವಳಾಗಿ ಬರೆಯುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ನಿನ್ನ ಹರಿಹರದ ವರ್ಕ್‌ಶಾಪಿನಿಂದ ಬಂದ ಅರವತ್ತು ಉಕ್ಕಿನ ಕೊಂಡಿಗಳನ್ನು ನಮ್ಮ ಸಮುದ್ರ ಸಂಶೋಧನಾ ಸಂಸ್ಥೆಯ ಯಾರ್ಡಿನಲ್ಲಿ ಎಳೆದು ಪರೀಕ್ಷಿಸಲು ತೊಡಗಿದೆವು. ಒಂದೊಂದೂ ಐದು ಟನ್ ತಡೆಯಬೇಕು. ಹದಿನಾಲ್ಕನೆಯದು ಎರಡು ಟನ್ ಮುಟ್ಟುವ ಮೊದಲೇ ಬಾಯಿ ಬಿಟ್ಟಿತು. ಸರಪಳಿ ಹಾರಿ ತಂತಿಜಾಲರಿಗೆ ಬಡಿಯಿತು. ಜಾಲರಿಯ ಈ ಕಡೆ ನಿಂತಿದ್ದವಳು ನಾನು. ಒಡೆದ ಜಾಗ ನೋಡಿದೆ. ಬೆಸುಗೆ ಮೇಲ್ಗಡೆ ಮಾತ್ರ ಕೂತಿದೆ, ಒಳಗೆ ಉಕ್ಕು ಉಕ್ಕನ್ನು ಹಿಡಿದೇ ಇಲ್ಲ. ಅದರ ಪಕ್ಕದಲ್ಲೇ ಅಪ್ಪನ ಕಾಲದ ‘ಕೆ’ ಗುರುತು. ಕೆಂಚವೀರಪ್ಪನ ‘ಕೆ’. ಎಳೆದು ಪಾಸಾದ ಮಾಲಿಗೆ ಮಾತ್ರ ಹೊಡೆಯುವ ಗುರುತು.

ಈ ಕೊಂಡಿಗಳು ಎಲ್ಲಿಗೆ ಹೋಗುತ್ತವೆ ಎಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಸಮುದ್ರದ ತಳದಲ್ಲಿ ತೂಕಕ್ಕೆ ಹಳೆಯ ರೈಲುಗಾಲಿಗಳು. ಅಲ್ಲಿಂದ ಮೇಲಕ್ಕೆ ಎರಡೂವರೆ ಕಿಲೋಮೀಟರ್ ತಂತಿಹಗ್ಗ. ನಡುನಡುವೆ ನೀರಿನ ಓಟ, ಬಿಸಿ, ಉಪ್ಪು ಅಳೆಯುವ ಉಪಕರಣಗಳು. ಮೇಲ್ತುದಿಯಲ್ಲಿ ಎಲ್ಲವನ್ನೂ ನೆಟ್ಟಗೆ ಎತ್ತಿ ಹಿಡಿಯುವ ತೇಲುಗುಂಡು. ಒಟ್ಟಿಗೆ ಇದನ್ನು ನಾವು ಮೂರಿಂಗ್ ಅನ್ನುತ್ತೇವೆ. ತುಂಡುತುಂಡನ್ನು ಒಂದಕ್ಕೊಂದು ಸೇರಿಸುವುದು ನಿನ್ನ ಕೊಂಡಿ. ಇಳಿಸಿದ ಮೇಲೆ ಒಂದು ವರ್ಷ ಅದನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಮೂರು ತಿಂಗಳು ದಡದಲ್ಲಿ ಪ್ರತಿಯೊಂದನ್ನೂ ಅನುಮಾನದಿಂದ ನೋಡುತ್ತೇವೆ. ಉಪಕರಣಗಳನ್ನು ಐಸ್‌ನೀರಿನಲ್ಲಿ ಮುಳುಗಿಸಿ ತಾಳೆ ನೋಡುತ್ತೇವೆ, ಅವುಗಳ ಗಡಿಯಾರ ಒಂದು ಸೆಕೆಂಡೂ ತಪ್ಪದ ಹಾಗೆ ಸರಿಮಾಡುತ್ತೇವೆ, ಹಗ್ಗವನ್ನು ಮೊಳ ಮೊಳವಾಗಿ ಕೈಯಲ್ಲಿ ಹಿಡಿದು ನೋಡುತ್ತೇವೆ. ನಾನು ಅನುಮಾನಿಸದೆ ಬಿಟ್ಟದ್ದು ನಿನ್ನ ಗುರುತೊಂದನ್ನೇ. 2023ರಲ್ಲಿ ನಮ್ಮ ಎಳೆಯುವ ಯಂತ್ರ ಕೆಟ್ಟಿತ್ತು. ‘ಕೆ’ ಇದೆಯಲ್ಲ, ಸಾಕು ಎಂದು ಸಹಿ ಹಾಕಿದೆ.

ಆ ಮೂರಿಂಗನ್ನು 2024ರ ಜನವರಿಯಲ್ಲಿ ಇಳಿಸಿದೆವು. ಆಗಸ್ಟ್‌ನಲ್ಲಿ ಮೇಲಿನ ಭಾಗ ಕಿತ್ತುಕೊಂಡು ತೇಲಿಹೋಗಿ ಮೀನುಗಾರರ ಕೈಗೆ ಸಿಕ್ಕಿತು. ಕೆಳಗಿನದು ಉಪಕರಣಗಳ ಸಮೇತ ಹೋಯಿತು. ನಾವು ಹೋಗುವಷ್ಟರಲ್ಲಿ ಹಗ್ಗದ ತುದಿಯ ಕಬ್ಬಿಣವನ್ನೆಲ್ಲ ಅವರು ಕತ್ತರಿಸಿ ಗುಜರಿಗೆ ಹಾಕಿದ್ದರು. ಯಾವುದು ಒಡೆಯಿತು, ಯಾವುದು ಬಿಚ್ಚಿಕೊಂಡಿತು ಎಂದು ಹೇಳಲು ಒಂದು ಚೂರೂ ಉಳಿದಿರಲಿಲ್ಲ. ಆದರೂ ತನಿಖಾ ವರದಿ ಹೇಳಿತು: ಕೊಂಡಿಯ ಬೋಲ್ಟು ಬಿಚ್ಚದ ಹಾಗೆ ಹಾಕುವ ಪಿನ್ನನ್ನು ಹಾಕಿರಲಿಲ್ಲ. ಪಿನ್ ಹಾಕುವುದು ಸ್ವಾತಿಯ ಕೆಲಸ. ನಮ್ಮ ದಾವಣಗೆರೆಯ ನಿಟ್ಟುವಳ್ಳಿಯ ಹುಡುಗಿ, ಗುತ್ತಿಗೆ ನೌಕರಿ. ಅವಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ವರದಿ ಬರೆದವಳು ನಾನು.

ಈಗ ಹೇಳು, ಕೊಂಡಿಗಳನ್ನು ಎಳೆದಿದ್ದೀರೋ ಇಲ್ಲವೋ? ಈ ವರ್ಷದ್ದೂ 2023ರದ್ದೂ ಟೆಸ್ಟ್ ರಿಜಿಸ್ಟರಿನ ಝೆರಾಕ್ಸ್ ಕಳಿಸು.

ರೇಖಾ


ಹರಿಹರ
18 ನವೆಂಬರ್ 2025

ಅಕ್ಕ,

ನೀನು ಕೂಗಾಡಲಿಲ್ಲ, ಬೈದೆ. ಸ್ಪೀಕರ್ ಆನ್ ಇತ್ತು. “ನಿಮ್ಮಂಥವರಿಂದಲೇ ಹೀಗಾಗೋದು” ಅಂದೆ. ಎಳೆಯುವ ಯಂತ್ರ ನೋಡಿಕೊಳ್ಳುವ ಶಬ್ಬೀರ್ ನನ್ನ ಎದುರಿಗೇ ಟೀ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು, “ಅಕ್ಕಾರು ಹಂಗಂದ್ರಾ? ಅವರೂ ಇಲ್ಲೇ ಹುಟ್ಟಿದೋರಲ್ವಾ ಅಣ್ಣ?” ಅಂತ ಕೇಳಿದ. ಫೋನ್ ಎತ್ತದಿರುವುದಕ್ಕೆ ಕಾರಣ ಅದು.

ನಿಮ್ಮ ಯಂತ್ರ ಎಷ್ಟೋ ಕಾಲ ಕೆಟ್ಟು ಕೂತಿತ್ತು. ಈಗ ಸರಿಯಿದೆ ಅಂತ ಯಾರು ಹೇಳಿದರು? ಒಂದು ಒಡೆದದ್ದಕ್ಕೆ ನಾಲ್ಕು ಪುಟ ಬರೆದೆ. ತಡೆದವುಗಳ ಬಗ್ಗೆ ಒಂದು ಸಾಲೂ ಇಲ್ಲ. ದೊಡ್ಡ ಫ್ಯಾಕ್ಟರಿಯ ಕೆಲಸ ಬಿಟ್ಟ ಮೇಲೆ ಅಪ್ಪ ಹಾಕಿದ ಶೆಡ್ಡು ಇದು. ಇದರ ದುಡಿಮೆಯಲ್ಲೇ ನೀನು ದಾವಣಗೆರೆಯ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋದೆ. ನಾನು ಸರ್ಕಾರಿ ಶಾಲೆಗೆ ನಡೆದುಕೊಂಡು ಹೋದೆ. ಅದಕ್ಕೆ ನನಗೆ ಬೇಜಾರಿಲ್ಲ. ಆದರೆ ನೀನು ಇಂಗ್ಲಿಷಿನಲ್ಲಿ ಕಲಿತದ್ದೆಲ್ಲ ನಮ್ಮನ್ನು ಅನುಮಾನಿಸುವುದಕ್ಕೇನಾ ಅಂತ ಒಂದೊಂದು ಸಲ ಅನ್ನಿಸುತ್ತದೆ.

ಶಬ್ಬೀರ್ ತಾನೇ ರಿಜಿಸ್ಟರ್ ತೆಗೆದುಕೊಂಡು ಹೋಗಿ ಝೆರಾಕ್ಸ್ ಮಾಡಿಸಿಕೊಂಡು ಬಂದ. “ನನ್ನ ಕೈಗೆ ಬಂದದ್ದು ಒಂದೂ ಎಳೀದೆ ಬಿಟ್ಟಿಲ್ಲ. ನೋಡ್ಲಿ ಅವರು” ಅಂದ. ಎರಡೂ ವರ್ಷದ್ದು ಇದರ ಜೊತೆ ಇದೆ. ಎಣಿಸುವ ಅಗತ್ಯ ನನಗೆ ಕಾಣಲಿಲ್ಲ. ನೀನು ಎಣಿಸಿಕೋ.

ಮಾಲತೇಶ


ಕಾಕಿನಾಡ
27 ನವೆಂಬರ್ 2025

ಮಾಲತೇಶ,

ಎಣಿಸಿದೆ. ಈ ವರ್ಷ ಕಳಿಸಿದ್ದು ಅರವತ್ತು, ಎಳೆದದ್ದು ಐವತ್ತೈದು. 2023ರಲ್ಲೂ ಕಳಿಸಿದ್ದು ಅರವತ್ತು, ಎಳೆದದ್ದು ಐವತ್ತೈದು. ಅರವತ್ತರ ಮೇಲೂ ಗುರುತಿದೆ. ಶಬ್ಬೀರ್ ಸುಳ್ಳು ಹೇಳಿಲ್ಲ. ಅವನ ಕೈಗೆ ಬಂದದ್ದನ್ನೆಲ್ಲ ಅವನು ಎಳೆದಿದ್ದಾನೆ. ಐದು ಅವನ ಕೈಗೆ ಬಂದೇ ಇಲ್ಲ. “ನಿಮ್ಮಂಥವರು” ಅಂದದ್ದಕ್ಕೆ ಅವನ ಬಳಿ ಕ್ಷಮೆ ಕೇಳುತ್ತೇನೆ. ನಿನ್ನ ಬಳಿ ಕೇಳುವುದಿಲ್ಲ.

ನಮ್ಮ ಯಂತ್ರವನ್ನು ಹೊರಗಿನವರು ಬಂದು ಪರೀಕ್ಷಿಸಿ ಹೋಗಿದ್ದಾರೆ. ಸರಿಯಾಗಿದೆ.

ಇನ್ನೊಂದು ವಿಷಯ. ವರದಿ ಬರೆಯುವಾಗ ಸ್ವಾತಿ ನನ್ನ ಮೇಜಿನ ಮುಂದೆ ನಿಂತು ಹೇಳಿದ್ದಳು: “ಮೇಡಂ, ಆ ಪಿನ್ನಿನ ಕಾಲು ಬಗ್ಗಿಸುವಾಗಲೇ ನನ್ನ ಹೆಬ್ಬೆರಳು ಸೀಳಿದ್ದು. ಫಸ್ಟ್ ಏಡ್ ರಿಜಿಸ್ಟರಿನಲ್ಲಿ ಇರುತ್ತೆ, ನೋಡಿ.” ನಾನು ನೋಡಲಿಲ್ಲ. ಜೋಡಣೆಯ ಪಟ್ಟಿಯಲ್ಲಿ ಆ ಸಾಲಿನ ಮುಂದೆ ಅವಳು ಟಿಕ್ ಹಾಕಿರಲಿಲ್ಲ. ನನಗೆ ಅಷ್ಟೇ ಸಾಕಾಯಿತು. ನಿನ್ನೆ ಕೆಳಗೆ ಹೋಗಿ ಆ ರಿಜಿಸ್ಟರ್ ತೆಗೆಸಿದೆ. ಜೋಡಣೆಯ ದಿನ, ಮಧ್ಯಾಹ್ನ ಮೂರೂ ಹತ್ತು. ಸ್ವಾತಿ, ಬಲ ಹೆಬ್ಬೆರಳು, ಡೆಟಾಲ್, ಬ್ಯಾಂಡೇಜು. ರಕ್ತ ಸೋರುವ ಬೆರಳಿನಲ್ಲಿ ಯಾರು ಟಿಕ್ ಹಾಕುತ್ತಾರೆ?

ಒಂದು ಮಹಡಿ ಇಳಿಯುವುದಕ್ಕೆ ನನಗೆ ಒಂದೂಕಾಲು ವರ್ಷ ಹಿಡಿಯಿತು. ನಿನ್ನ ಮೇಲೆ ಇಷ್ಟೊಂದು ಸಿಟ್ಟು ಬರುತ್ತಿರುವುದು ಅದರಿಂದಲೋ ಎಂದು ಕೇಳಿಕೊಂಡೆ. ಸ್ವಲ್ಪ ಇರಬಹುದು. ಎಲ್ಲವೂ ಅಲ್ಲ.

ನನಗೆ ಬರಹದಲ್ಲಿ ಬೇಕು. ಆ ಐದಕ್ಕೆ ಗುರುತು ಹೊಡೆದವರು ಯಾರು, ಯಾವಾಗ, ಯಾಕೆ. ನಿನ್ನ ಸಹಿಯೊಂದಿಗೆ. ಅದಿಲ್ಲದೆ ಆ ಹುಡುಗಿಯ ಮೇಲಿನ ಆರೋಪವನ್ನು ನಾನು ತೆಗೆಸಲಾರೆ.

ರೇಖಾ


ಹರಿಹರ
8 ಡಿಸೆಂಬರ್ 2025

ಅಕ್ಕ,

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಎಲ್ಲರ ಮುಂದೆ ಓದಿದೆ. ಐದು ಅನ್ನುತ್ತಿದ್ದ ಹಾಗೆ ಸಣ್ಣಬೀರಪ್ಪಜ್ಜ ಎದ್ದು ನಿಂತ. ಗೊತ್ತಲ್ಲ, ಕುಕ್ಕುವಾಡದವನು, ಅಪ್ಪನ ಜೊತೆ ಮೊದಲ ದಿನದಿಂದ ಇದ್ದವನು.

“ಐದಾ? ಅವು ನಾನು ಹೊಡದವು.”

“ಯಾವಾಗ ಹೊಡದೆ ಅಜ್ಜ?”

“ಹಬ್ಬದ ಮಾರನೇ ದಿನ. ನೀನು ತಟ್ಟೆ ಹಿಡ್ಕಂಡು ಪಕ್ಕದಾಗೇ ನಿಂತಿದ್ದೆಲ್ಲಪ್ಪ. ಈಗ ನಂಗೆ ಕೇಳ್ತೀಯಾ?”

ನಿಂತಿದ್ದೆ. ಆಯುಧಪೂಜೆಯ ದಿನ ಯಾವ ಹತಾರವನ್ನೂ ಮುಟ್ಟುವುದಿಲ್ಲ. ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಮಾರನೇ ದಿನ ವಿಜಯದಶಮಿಗೆ ಪ್ರತಿಯೊಂದು ಹತಾರದಿಂದಲೂ ಒಂದಿಷ್ಟು ಕೆಲಸ ಮಾಡಿಸಿ ವರ್ಷ ಶುರು ಮಾಡುತ್ತೇವೆ. ಲೇತ್ ಒಂದು ಪದರ ತೆಗೆಯಬೇಕು, ಅರ ಒಂದು ಸಲ ಉಜ್ಜಬೇಕು. ಗುರುತು ಹೊಡೆಯುವ ‘ಕೆ’ ಪಂಚೂ ಹತಾರವೇ. “ಗಾಳಿಗೆ ಹೊಡದ್ರೆ ಮುಹೂರ್ತ ಆಗಲ್ಲ, ಮಾಲಿನ ಮ್ಯಾಲೇ ಹೊಡೀಬೇಕು” ಅನ್ನುತ್ತಾನೆ ಅಜ್ಜ. ಐದು ಏಟು. ಆ ದಿನ ಮೇಜಿನ ಮೇಲೆ ಬೆಸುಗೆ ಮುಗಿದು ಟೆಸ್ಟಿಗೆ ಕಾಯುತ್ತಿರುವ ಮಾಲು ಯಾವುದಿರುತ್ತದೋ ಅದರ ಮೇಲೆ. ದಸರಾ ಬರುವುದೂ ನಿಮ್ಮ ಆರ್ಡರಿನ ಗಡುವು ಬರುವುದೂ ಒಂದೇ ಹೊತ್ತಿಗೆ.

ಅಪ್ಪ ಇದ್ದಾಗ ಪೂಜೆ ಮುಗಿದ ಕೂಡಲೇ ಆ ಐದನ್ನು ತಾನೇ ಎತ್ತಿಕೊಂಡು ಹೋಗಿ ಮೊದಲು ಎಳೆಸುತ್ತಿದ್ದ. ಅದೂ ಪೂಜೆಯ ಒಂದು ಭಾಗ ಅಂತ ಅಜ್ಜ ತಿಳಿದುಕೊಂಡಿದ್ದಾನೆ. ನಾನು ಮಂಡಕ್ಕಿ, ಪೇಡ ಹಂಚುವ ಗಡಿಬಿಡಿಯಲ್ಲಿ “ಗುರುತಿದ್ದದ್ದೆಲ್ಲ ಪೆಟ್ಟಿಗೆಗೆ ಹಾಕ್ರಿ” ಅಂದೆ. ಪ್ರತಿ ವರ್ಷ ಅದೇ ಅಂದಿದ್ದೇನೆ. ತಪ್ಪು ನನ್ನದು. ಬೇಕಾದ ಕಡೆ ಸಹಿ ಹಾಕುತ್ತೇನೆ. ಇದು ಹೊರಗೆ ಬಂದರೆ ಪಂಪ್ ಕಂಪನಿಗಳವರೂ ಮಾಲು ವಾಪಸ್ ಕಳಿಸುತ್ತಾರೆ, ಅದೂ ಗೊತ್ತು.

ಆದರೆ 2023ರಲ್ಲಿ ಹೊಡೆದವನು ಅಜ್ಜ ಅಲ್ಲ. ಆ ವರ್ಷ ನೀನು ಹಬ್ಬಕ್ಕೆ ಬಂದಿದ್ದೆ. ಅಜ್ಜ ಸುತ್ತಿಗೆಯನ್ನು ನಿನ್ನ ಕೈಗೆ ಕೊಟ್ಟ. “ನೀನೇ ಹೊಡಿಯವ್ವ, ನಿನ್ನ ಸಮುದ್ರಕ್ಕೆ ಹೋಗೋ ಮಾಲು.” ನೀನು ನಕ್ಕು ಸೆರಗು ಸಿಕ್ಕಿಸಿಕೊಂಡೆ. ಐದನ್ನೂ ಹೊಡೆದೆ. ಮೂರನೆಯದು ಓರೆಯಾಯಿತು, “ಇಂಗ್ಲಿಷ್ ಏಟು” ಅಂತ ಶಬ್ಬೀರ್ ತಮಾಷೆ ಮಾಡಿದ. ನನ್ನ ಹೆಂಡತಿ ಶಾಂತಲಾ ಫೋಟೋ ತೆಗೆದಳು. ಇದರ ಜೊತೆ ಇಟ್ಟಿದ್ದೇನೆ. ಆ ಗುರುತಿನ ಅರ್ಥ ಆ ಶೆಡ್ಡಿನಲ್ಲಿ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಅಕ್ಕ? ಬೈಯುವ ಮೊದಲು ಒಂದು ಸಲ ನೆನಪು ಮಾಡಿಕೊಳ್ಳಬಹುದಿತ್ತು.

ಈಗ ಬರಹದಲ್ಲಿ ಯಾರ ಹೆಸರು ಹಾಕಲಿ? “ನನ್ನ ಹೆಸರು ಹಾಕ್ರಿ. ನಂಗೇನಾಗ್ತೈತೆ ಈ ವಯಸ್ಸಿಗೆ? ಅವ್ವನ ನೌಕರಿ ಉಳೀಲಿ” ಅನ್ನುತ್ತಾನೆ ಅಜ್ಜ. ನೀನು ಹೇಳಿದ ಹಾಗೆ ಬರೆಯುತ್ತೇನೆ.

ಮಾಲತೇಶ


ಕಾಕಿನಾಡ
19 ಡಿಸೆಂಬರ್ 2025

ಮಾಲತೇಶ,

ನಾಲ್ಕು ದಿನ ನನ್ನ ಕಂಪ್ಯೂಟರಿನಲ್ಲಿ ಸಣ್ಣಬೀರಪ್ಪನ ಹೆಸರು ಹಾಕಿದ, ನಿನ್ನ ಹೇಳಿಕೆಯ ಒಂದು ಕರಡು ಇತ್ತು. ಓದಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಸ್ವಾತಿಯ ಬಗ್ಗೆ ಬರೆದದ್ದೂ ಹೀಗೇ ನುಣ್ಣಗೆ ಓದಿಸಿಕೊಂಡಿತ್ತು.

ಅಳಿಸಿದ್ದೇನೆ. ನನ್ನ ಹೆಸರು ಹಾಕು. ಫೋಟೋವನ್ನೂ ಜೊತೆಗೆ ಲಗತ್ತಿಸು. ಅಜ್ಜನಿಗೆ ಹೇಳು, ಅವನು ಒಳ್ಳೆಯವನಾಗಿರುವುದು ನನಗೆ ಸದ್ಯಕ್ಕೆ ಸಹಾಯವಾಗುವುದಿಲ್ಲ ಎಂದು. ಬೇಡ, ಹಾಗೆ ಹೇಳಬೇಡ. ಏನೂ ಹೇಳಬೇಡ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ.

ರೇಖಾ


ಕಾಕಿನಾಡ
20 ಡಿಸೆಂಬರ್ 2025

ಸ್ವಾತಿ,

ಈ ಕಾಗದ ನೋಡಿ ಹರಿದು ಹಾಕಬೇಕು ಅನ್ನಿಸಿದರೆ ಹಾಕು. ಆದರೆ ಮೊದಲ ಪುಟವನ್ನಾದರೂ ಓದು.

2024ರ ವರದಿಯಲ್ಲಿ ನೀನು ಪಿನ್ ಹಾಕಿರಲಿಲ್ಲ ಎಂದು ಬರೆದೆ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎನ್ನುವ ಹಾಗೆ ಬರೆದೆ. ನಿನ್ನ ಬೆರಳಿನ ಗಾಯ ಫಸ್ಟ್ ಏಡ್ ರಿಜಿಸ್ಟರಿನಲ್ಲಿ ಇದೆ. ನೀನು ಹೇಳಿದಾಗ ನಾನು ನೋಡಲಿಲ್ಲ. ಆ ಮೂರಿಂಗಿಗೆ ಬಂದ ಅರವತ್ತು ಕೊಂಡಿಗಳಲ್ಲಿ ಐದನ್ನು ಎಳೆದು ನೋಡಿರಲಿಲ್ಲ. ಹಬ್ಬದ ಮುಹೂರ್ತಕ್ಕೆಂದು ಅವುಗಳ ಮೇಲೆ ಪಾಸಾದ ಗುರುತು ಹೊಡೆದಿದ್ದರು. ಹೊಡೆದವಳು ನಾನೇ. ವರ್ಕ್‌ಶಾಪು ನನ್ನ ತಮ್ಮನದು. ಮರೆತಿದ್ದೆ ಎಂದು ಹೇಳಿಕೊಳ್ಳುತ್ತಿದ್ದೇನೆ. ಮರೆತದ್ದೋ, ನೆನಪು ಮಾಡಿಕೊಳ್ಳಲು ಇಷ್ಟವಿರಲಿಲ್ಲವೋ, ನನಗೇ ಖಚಿತವಿಲ್ಲ.

ಕೊಂಡಿಯೇ ಒಡೆಯಿತು ಎಂದೂ ನಾನು ಈಗ ಹೇಳಲಾರೆ. ಆ ಕಬ್ಬಿಣ ಯಾರ ಕೈಯಲ್ಲೂ ಇಲ್ಲ. ಆದರೆ ನಿನ್ನ ಹೆಸರು ಬರೆಯುವ ಹಕ್ಕು ನನಗಿರಲಿಲ್ಲ. ನಿರ್ದೇಶಕರಿಗೆ ಹೇಳುತ್ತೇನೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕೇಳುವುದು ಸುಲಭವಾಗಿಬಿಟ್ಟಿತು ಅನ್ನಿಸಿತು. ಆದರೂ ಕೇಳುತ್ತಿದ್ದೇನೆ.

ರೇಖಾ


ನಿಟ್ಟುವಳ್ಳಿ, ದಾವಣಗೆರೆ
29 ಡಿಸೆಂಬರ್ 2025

ಮೇಡಂ,

ಹರಿಯಲಿಲ್ಲ. ಇದು ಸಾಕ್ಷಿ. ಎರಡು ಝೆರಾಕ್ಸ್ ಮಾಡಿಸಿದ್ದೇನೆ.

ನಾನು ಈಗ ಏನು ಮಾಡುತ್ತಿದ್ದೇನೆ ಎಂದು ನೀವು ಕೇಳಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹತ್ತನೇ ತರಗತಿಯವರಿಗೆ ಗಣಿತ ಹೇಳಿಕೊಡುತ್ತೇನೆ. ಎರಡು ಕಡೆ ಇಂಟರ್‌ವ್ಯೂಗೆ ಹೋದೆ. ಎರಡೂ ಕಡೆ ನಿಮ್ಮ ವರದಿ ನನಗಿಂತ ಮೊದಲೇ ಬಂದು ಕೂತಿತ್ತು. ಒಬ್ಬರು ನಗುತ್ತಾ, “ಪಿನ್ ಹಾಕದ ಹುಡುಗಿ ನೀವೇನಾ?” ಎಂದು ಕೇಳಿದರು. ನಮ್ಮಪ್ಪ ಏಕಾಂತಪ್ಪನವರು ಒಂದು ದಿನ, “ಆ ಪಿನ್ನು ಎಷ್ಟ್ ದೊಡ್ಡದಿತ್ತಮ್ಮ?” ಎಂದರು. ಬೆರಳಿನಲ್ಲಿ ತೋರಿಸಿದೆ. “ಇಷ್ಟಕ್ಕಾ?” ಎಂದು ಎದ್ದು ಹೊರಗೆ ಹೋದರು.

ನೀವು ಕ್ಷಮೆ ಕೇಳಿದ್ದು ಕನ್ನಡದಲ್ಲಿ, ನನಗೊಬ್ಬಳಿಗೆ, ಮುಚ್ಚಿದ ಲಕೋಟೆಯಲ್ಲಿ. ಆರೋಪ ಮಾಡಿದ್ದು ಇಂಗ್ಲಿಷಿನಲ್ಲಿ, ಹನ್ನೊಂದು ಜನರಿಗೆ ಪ್ರತಿ ಹಾಕಿ. ಎರಡೂ ಒಂದೇ ತೂಕ ಎಂದುಕೊಂಡಿರಾ? ನಿರ್ದೇಶಕರಿಗೆ ಹೇಳುತ್ತೇನೆ ಎಂದಿದ್ದೀರಿ. ಅವರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬೇಸರದ ದನಿಯಲ್ಲಿ ಹೇಳುತ್ತೀರಿ. ನೀವು ಹಾಗೆ ಮಾತಾಡುವುದನ್ನು ನಾನು ಎರಡು ವರ್ಷ ನೋಡಿದ್ದೇನೆ. ಊರಿನವರು, ಅಕ್ಕನ ಹಾಗೆ ಎಂದುಕೊಂಡು ನೋಡಿದ್ದೇನೆ.

ನನಗೆ ನಿಮ್ಮ ಮನಸ್ಸಿನ ಗೊಂದಲ ಬೇಡ. ಅದೇ ಹನ್ನೊಂದು ಜನರಿಗೆ, ಅದೇ ಭಾಷೆಯಲ್ಲಿ, ನಿಮ್ಮ ಹೆಸರು ಹಾಕಿ ಬರೆಯಿರಿ. ಬರೆದ ಮೇಲೆ ಒಂದು ಪ್ರತಿ ಕಳಿಸಿ. ಅಲ್ಲಿಯವರೆಗೆ ಬೇರೆ ಕಾಗದ ಬೇಡ.

ಸ್ವಾತಿ


ಕಾಕಿನಾಡ
7 ಜನವರಿ 2026

ಸ್ವಾತಿ,

ಕಳಿಸಿದ್ದೇನೆ. ಹನ್ನೊಂದು ಜನರಿಗೂ. ನನ್ನ ತಮ್ಮನ ಹೇಳಿಕೆ, ಫೋಟೋ, ಎರಡೂ ರಿಜಿಸ್ಟರಿನ ಪುಟಗಳು ಲಗತ್ತಾಗಿವೆ. ಪ್ರತಿ ಇದರ ಜೊತೆ ಇದೆ. ನೀನು ಹೇಳಿದ್ದು ಸರಿ. ಬಾಗಿಲು ಹಾಕಿಕೊಂಡು ಹೇಳುವವಳಿದ್ದೆ.

ರೇಖಾ


ಹರಿಹರ
15 ಫೆಬ್ರವರಿ 2026

ಅಕ್ಕ,

ನಿನ್ನನ್ನು ಈ ಸಲದ ಹಡಗಿನಿಂದ ಇಳಿಸಿದ್ದಾರೆ, ವಿಚಾರಣೆ ನಡೆಯುತ್ತಿದೆ ಎಂದು ನಿಮ್ಮ ಆಫೀಸಿನ ಕಾಗದದಿಂದಲೇ ತಿಳಿಯಿತು. ನೀನು ಹೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ನೀನಿಲ್ಲದೆ ಹೊರಡುವ ಮೊದಲ ಹಡಗು ಇರಬೇಕು.

ಕೊಂಡಿಗಳನ್ನೆಲ್ಲ ನಮಗೇ ವಾಪಸ್ ಕಳಿಸಿದ್ದರು. ಎಲ್ಲ ಹೊಸದಾಗಿ ಮಾಡಬೇಕು, ತಾವು ಕಳಿಸುವ ಒಬ್ಬರ ಕಣ್ಣೆದುರಿಗೇ ಎಳೆಯಬೇಕು ಎಂದು ಷರತ್ತು. ಆ ಒಬ್ಬರು ಯಾರೆಂದು ಬರೆದಿರಲಿಲ್ಲ. ಮೊನ್ನೆ ಬೆಳಿಗ್ಗೆ ಒಂಬತ್ತಕ್ಕೆ ದಾವಣಗೆರೆಯಿಂದ ಸ್ಕೂಟಿಯಲ್ಲಿ ಒಬ್ಬ ಹುಡುಗಿ ಬಂದು ಗೇಟಿನಲ್ಲಿ ನಿಂತಳು. “ನಾನು ಸ್ವಾತಿ. ಯಂತ್ರ ಎಲ್ಲಿದೆ?” ಅಂದಳು. ಅವಳಿಗೆ ಮತ್ತೆ ಕೆಲಸದ ಆರ್ಡರ್ ಕೊಟ್ಟಿದ್ದಾರಂತೆ. ಮಾರ್ಚಿನ ಹಡಗಿಗೆ ಅವಳೇ ಹೋಗುವುದು.

ಶಾಂತಲಾ ಉಪ್ಪಿಟ್ಟು, ಟೀ ತಂದಳು. “ತಿಂದೇ ಬಂದಿದೀನಿ” ಅಂದಳು. ಶಬ್ಬೀರ್ ಕುರ್ಚಿ ಒರೆಸಿ, “ಕೂಡ್ರಿ ಮೇಡಂ” ಅಂದ. ಕೂರಲಿಲ್ಲ. ಅರವತ್ತನ್ನೂ ನಿಂತುಕೊಂಡೇ ನೋಡಿದಳು. ಪ್ರತಿಯೊಂದರ ಅಂಕಿಯನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ನಮ್ಮ ರಿಜಿಸ್ಟರಿನಲ್ಲಿ ಅಲ್ಲ. ಎರಡರಲ್ಲಿ ಬೆಸುಗೆಯ ಹತ್ತಿರ ಕೂದಲೆಳೆಯ ಗೆರೆ ಕಂಡಿತು. “ಇವು ಬ್ಯಾಡ” ಎಂದು ಪಕ್ಕಕ್ಕೆ ಸರಿಸಿದಳು. “ಐದು ಟನ್ ತಡೆದವಲ್ಲ?” ಅಂದೆ. “ತಡೆದ್ವು. ಬ್ಯಾಡ” ಅಂದಳು. ಎರಡನ್ನು ಮತ್ತೆ ಮಾಡಿ ಎಳೆಯುವಷ್ಟರಲ್ಲಿ ಸಂಜೆ ಐದಾಯಿತು.

ಸಣ್ಣಬೀರಪ್ಪಜ್ಜ ಇಡೀ ದಿನ ಮೂಲೆಯಲ್ಲಿ ಕೂತಿದ್ದ. ಅವಳು ಹೊರಡುವಾಗ ಎದ್ದು ಬಂದು ಕೈ ಮುಗಿದ. “ತಪ್ಪಾತಮ್ಮ. ನಮ್ಮ ಹಬ್ಬದ ಏಟು ನಿನ್ನ ಹೊಟ್ಟೆ ಮ್ಯಾಲೆ ಬಿತ್ತು” ಅಂದ. ಅವಳು ಅವನ ಕೈ ಹಿಡಿದು ಇಳಿಸಿದಳು. ಬಂದಾಗಿನಿಂದ ಅವಳ ಮುಖ ಮೆತ್ತಗಾದದ್ದು ಆಗ ಒಂದೇ ಸಲ.

“ಅಜ್ಜ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಕೊಂಡಿ ಮೇಲೂ ಇಲ್ಲ, ಏಟಿನ ಮೇಲೂ ಇಲ್ಲ. ಬೆರಳು ತೋರಿಸಿ ಹೇಳಿದ್ದೆ ನಾನು. ಅದನ್ನ ಕೇಳಿಸ್ಕೊಂಡು ಸುಮ್ಮನೆ ಬರ್ಕೊಂಡು ಹೋದ್ರಲ್ಲ, ಅವರ ಮೇಲೆ ಐತೆ ಸಿಟ್ಟು. ಅದು ಹೋಗೋದಲ್ಲ” ಅಂದಳು. ನಾನು ಕೇಳಲಿ ಅಂತಲೇ ಅಂದಳೋ ಏನೋ, ನನ್ನ ಕಡೆ ನೋಡಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹೋದಳು.

ಇದನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಶಾಂತಲಾನೂ ಬೇಡ ಅಂದಳು. ಎರಡು ದಿನ ಯೋಚಿಸಿದೆ. ಕೇಳಿಸಿಕೊಂಡದ್ದನ್ನು ಬಿಟ್ಟು ಬರೆಯುವುದು ಈ ಮನೆಯಲ್ಲಿ ಒಂದು ಸಲ ಆದದ್ದೇ ಸಾಕು.

ಮಾಲತೇಶ